ಚಾರ್ಟ್ ತುಂಬಿತ್ತು, ಅಜ್ಜಿಯ ಮಗ್ಗುಲು ಬದಲಾಗಿರಲಿಲ್ಲ

ಭಾನುವಾರ ಬೆಳಿಗ್ಗೆ ತಾಯಿಯನ್ನು ನೋಡಲು ಬಂದ ಮಗಳಿಗೆ ಮೊದಲು ತಟ್ಟಿದ್ದು ವಾಸನೆ. ಡೈಪರಿನದಲ್ಲ, ಕೊಳೆತ ಮಾಂಸದ ವಾಸನೆ. ಆಯಾಳನ್ನು ಕರೆದು ತಾಯಿಯನ್ನು ಎಡಮಗ್ಗುಲಿಗೆ ಹೊರಳಿಸಿದಾಗ ಬೆನ್ನಿನ ತುದಿಮೂಳೆಯ ಮೇಲೆ ಒದ್ದೆಯಾದ ಹತ್ತಿಪಟ್ಟಿ ಅಂಟಿಕೊಂಡಿತ್ತು. ಅದನ್ನು ಬಿಡಿಸಿದರೆ 5 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಹಾಸಿಗೆ ಹುಣ್ಣು (ಬೆಡ್‌ಸೋರ್). ಹಳದಿ ಮತ್ತು ಕಪ್ಪು ಪೊರೆ ಮುಚ್ಚಿಕೊಂಡು ತಳವೇ ಕಾಣುತ್ತಿರಲಿಲ್ಲ. ಎಡ ಹಿಮ್ಮಡಿಯಲ್ಲಿ ನೇರಳೆ ಬಣ್ಣದ ಇನ್ನೊಂದು ಮಚ್ಚೆ.

ಕೋಲಾರದ ಹೊರವಲಯದ, 28 ಹಾಸಿಗೆಗಳ ಆರೈಕೆ ಕೇಂದ್ರವದು. ಆಡಳಿತಗಾರರು ಹೇಳಿದ್ದು ಇಂಥ ಕಡೆಗಳಲ್ಲೆಲ್ಲ ಹೇಳುವ ಮಾತನ್ನೇ: "ವಯಸ್ಸು 78, ಶುಗರ್ ಬೇರೆ ಇದೆ. ಹಾಸಿಗೆ ಹಿಡಿದೋರಿಗೆ ಬಂದೇ ಬರುತ್ತೆ ಮೇಡಮ್. ನಮ್ಮೋರು ಎರಡು ಗಂಟೆಗೊಂದ್ಸಲ ಮಗ್ಗುಲು ಬದಲಿಸ್ತಾನೇ ಇದಾರೆ, ಬೇಕಾದ್ರೆ ಚಾರ್ಟ್ ನೋಡಿ."

ಚಾರ್ಟ್ ನೋಡಿದಲ್ಲಿಂದಲೇ ಈ ಪ್ರಕರಣ ಬಿಚ್ಚಿಕೊಳ್ಳುತ್ತದೆ. (ಇಂಥ ಕೇಂದ್ರಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿ ಬರೆದದ್ದು ಇದು. ಯಾವುದೇ ಒಬ್ಬ ವ್ಯಕ್ತಿಯನ್ನಾಗಲಿ ಒಂದು ಸಂಸ್ಥೆಯನ್ನಾಗಲಿ ಕುರಿತದ್ದಲ್ಲ.)

ಚಾರ್ಟ್ ಹೇಳಿದ್ದು

ರಾತ್ರಿ 10, 12, 2, 4, 6. ಎಲ್ಲ ಮನೆಗಳೂ ಭರ್ತಿ. ಬಲ, ಎಡ, ಬಲ, ಎಡ, ಬಲ. ಮೂರು ವಾರಗಳ ಹಾಳೆಗಳಲ್ಲಿ ಒಂದು ಮನೆಯೂ ಖಾಲಿ ಇಲ್ಲ. ಅನುಭವಸ್ಥರಿಗೆ ಇದೇ ಮೊದಲ ಅನುಮಾನ. ಕರೆಂಟು ಹೋದ ರಾತ್ರಿ, ಯಾರೋ ಬಿದ್ದ ರಾತ್ರಿ, ಇನ್ನೊಬ್ಬರಿಗೆ ವಾಂತಿಯಾದ ರಾತ್ರಿ ಎಂದು ಇದ್ದೇ ಇರುತ್ತವೆ. ಹತ್ತು ನಿಮಿಷದ ಹೆಚ್ಚುಕಡಿಮೆಯೂ ಇಲ್ಲದೆ ಗಡಿಯಾರದ ಮುಳ್ಳಿನಂತೆ ನಡೆದ ರಾತ್ರಿ ಎಲ್ಲೂ ಇರುವುದಿಲ್ಲ.

ಅನುಮಾನ ಖಚಿತವಾದದ್ದು ಮಂಚದ ತಲೆಯ ಕಡೆ ಗೋಡೆಗೆ ಅಂಟಿಸಿದ್ದ ಇನ್ನೊಂದು ಹಾಳೆಯಿಂದ. ಅಜ್ಜಿಗೆ ಹಿಂದಿನ ವರ್ಷ ಬಲಸೊಂಟ ಮುರಿದು ಆಪರೇಷನ್ ಆಗಿತ್ತು. ಕೀಲು ಬಿಗಿದುಕೊಂಡು, ಬಲಕ್ಕೆ ಮಲಗಿಸಿದರೆ ಚೀರುತ್ತಿದ್ದರು. ಫಿಸಿಯೋಥೆರಪಿಸ್ಟ್ ದಪ್ಪ ಸ್ಕೆಚ್ ಪೆನ್ನಿನಲ್ಲಿ "ಬಲಮಗ್ಗುಲು ಬೇಡ" ಎಂದು ಬರೆದು ಹೋಗಿದ್ದರು. ಅದರ ಕೆಳಗೇ ನೇತಾಡುತ್ತಿದ್ದ ಚಾರ್ಟಿನಲ್ಲಿ ರಾತ್ರಿಗೆ ಮೂರು ಸಲ "ಬಲ". ಅಜ್ಜಿ ಬಲಕ್ಕೂ ಹೊರಳಿರಲಿಲ್ಲ, ಎಡಕ್ಕೂ ಹೊರಳಿರಲಿಲ್ಲ. ರಾತ್ರಿ ಎಂಟರಿಂದ ಬೆಳಗಿನವರೆಗೆ ಅಂಗಾತ ಮಲಗಿದ್ದರು.

ತೂಕದ ರಿಜಿಸ್ಟರಿನದೂ ಅದೇ ಕತೆ. ಸೇರಿಸಿಕೊಂಡಾಗ 51 ಕೆ.ಜಿ. ಆಮೇಲಿನ ಏಳು ತಿಂಗಳೂ 51. ನಿಲ್ಲಲಾಗದವರನ್ನು ನಿಂತು ತೂಗುವ ಯಂತ್ರದ ಮೇಲೆ ಏರಿಸುವುದು ಹೇಗೆ? ಏರಿಸಿರಲಿಲ್ಲ, ಹಿಂದಿನ ಸಂಖ್ಯೆಯನ್ನೇ ಇಳಿಸಿಕೊಂಡಿದ್ದರು. ಟೊಮೆಟೊ ಕ್ರೇಟ್ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ಈ ಊರಲ್ಲಿ ಯಾರಲ್ಲಿ ಬೇಕಾದರೂ ಸಿಗುತ್ತದೆ. ಅದರ ಮೇಲೆ ಗಾಲಿಕುರ್ಚಿ ಸಮೇತ ಕೂರಿಸಿದಾಗ 61 ಬಂತು, ಖಾಲಿ ಕುರ್ಚಿ 17. ಅಂದರೆ ಅಜ್ಜಿ 44 ಕೆ.ಜಿ. ಏಳು ಕೆ.ಜಿ. ಕರಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ಆರು ತಿಂಗಳಲ್ಲಿ ನೂರಕ್ಕೆ ಹತ್ತರಷ್ಟು ತೂಕ ಇಳಿದರೇ ಗಂಟೆ ಬಾರಿಸಬೇಕು. ಇಲ್ಲಿ ಹೆಚ್ಚುಕಡಿಮೆ ಹದಿನಾಲ್ಕರಷ್ಟು ಇಳಿದಿತ್ತು.

ಹುಣ್ಣು ಒಂದು ದಿನದ್ದಲ್ಲ

ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಹಾನಿ ಅನೇಕ ಸಲ ಒಳಗೆ, ಮೂಳೆಯ ಹತ್ತಿರ ಶುರುವಾಗುತ್ತದೆ, ಚರ್ಮಕ್ಕೆ ಸುದ್ದಿ ತಲುಪುವುದು ತಡವಾಗಿ. ಅದಕ್ಕೇ "ನಿನ್ನೆ ಏನೂ ಇರಲಿಲ್ಲ, ಇವತ್ತು ಇಷ್ಟು ದೊಡ್ಡದು" ಎಂಬ ಮಾತು ಕೇಳಿಬರುವುದು.

ಆದರೂ ಇಲ್ಲಿ ಮುನ್ಸೂಚನೆ ಇತ್ತು. ಹದಿನೆಂಟು ದಿನ ಮೊದಲು ಸ್ನಾನ ಮಾಡಿಸುವ ಆಯಾ ಆ ಜಾಗ "ಕಪ್ಪಗೆ, ಬಿಸಿಯಾಗಿ" ಇರುವುದನ್ನು ಕಂಡಿದ್ದರು. ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕಿದರು, ಹಗಲು ಸಿಸ್ಟರ್‌ಗೆ ಬಾಯಿಮಾತಲ್ಲಿ ಹೇಳಿದರು. ಸಿಸ್ಟರ್ ಬಂದು ನೋಡಿ "ಕೆಂಪಾಗಿಲ್ಲವಲ್ಲ" ಎಂದರು. ಇಬ್ಬರದೂ ಒಳ್ಳೆಯ ಮನಸ್ಸೇ, ಇಬ್ಬರದೂ ತಪ್ಪೇ. ಪಠ್ಯಪುಸ್ತಕದ ಕೆಂಪು ಬಿಳಿಚರ್ಮದ್ದು. ನಮ್ಮ ಮೈಬಣ್ಣದಲ್ಲಿ ಅದು ಸುತ್ತಲಿಗಿಂತ ಗಾಢವಾಗಿ, ಕೆಲವೊಮ್ಮೆ ನೀಲಿ ಮಿಶ್ರಿತವಾಗಿ ಕಾಣುತ್ತದೆ. ಕಣ್ಣಿಗಿಂತ ಕೈ ಬೇಗ ಹೇಳುತ್ತದೆ: ಪಕ್ಕದ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ. ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ಮಾಸಿ ಮತ್ತೆ ಬರಬೇಕು. ಮಾಸದೇ ನಿಂತರೆ ಅದು ಮೊದಲ ಹಂತ. ಆ ಜಾಗವನ್ನು ತಿಕ್ಕುವಂತಿಲ್ಲ, ರಕ್ತವಿಲ್ಲದೆ ಬಳಲಿದ ಅಂಗಾಂಶ ತಿಕ್ಕಿದರೆ ಹರಿದುಹೋಗುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸಿ ಬಿರುಕು ಬಿಡಿಸುತ್ತದೆ, ಪೌಡರ್ ಬೆವರಲ್ಲಿ ಗಂಟುಕಟ್ಟಿ ಮರಳುಕಾಗದದಂತೆ ಉಜ್ಜುತ್ತದೆ. ಅಲ್ಲಿಗೆ ಬೇಕಿದ್ದದ್ದು ಒಂದೇ, ಆ ಜಾಗದ ಮೇಲೆ ಭಾರ ಬೀಳದಿರುವುದು.

ಅದಾದ ಮೇಲೆ ಗಾಳಿ ತುಂಬಿದ ರಬ್ಬರ್ ರಿಂಗ್ ತಂದು ಅದರ ಮೇಲೆ ಕೂರಿಸಿದರು. ಮೆಡಿಕಲ್ ಸ್ಟೋರಿನವರು ಈಗಲೂ ಇದನ್ನೇ ಕೊಡುತ್ತಾರೆ. ತೂತಿನ ಸುತ್ತಲಿನ ಅಂಚು ಬಳೆಯಂತೆ ಒತ್ತಿ ಮಧ್ಯದ ಮಾಂಸಕ್ಕೆ ಬರುವ ರಕ್ತವನ್ನೇ ತಡೆಯುತ್ತದೆ. ಮನೆಯಲ್ಲಿ ಇದ್ದರೆ ಎಸೆಯಬಹುದು.

ಮೂರು ವಾರ ಹಿಂದೆ ಅಜ್ಜಿಗೆ ಜ್ವರ ಬಂದಿತ್ತು. ಅದಕ್ಕೆ ಮುಂಚೆ ಹಿಡಿದುಕೊಂಡು ಕುರ್ಚಿಗೆ ಬರುತ್ತಿದ್ದವರು ಆಮೇಲೆ ಏಳಲೇ ಇಲ್ಲ. ಸೇರಿಸಿಕೊಂಡಾಗ ಬ್ರೇಡನ್ ಅಂಕ 17 ಎಂದು ಬರೆದಿದ್ದರು. ನೋವಿನ ಅರಿವು, ತೇವ, ಓಡಾಟ, ಮೈ ಅಲುಗಿಸುವ ಶಕ್ತಿ, ಊಟ, ಉಜ್ಜುವಿಕೆ ಎಂಬ ಆರು ಬಾಬ್ತುಗಳನ್ನು ಕೂಡಿಸಿ, ಹಾಸಿಗೆ ಹುಣ್ಣಾಗುವ ಅಪಾಯ ಎಷ್ಟೆಂದು ಅಳೆಯಲು ಕೊಡುವ ಅಂಕವಿದು. ಗರಿಷ್ಠ 23, ಕನಿಷ್ಠ 6, ಕಡಿಮೆಯಾದಷ್ಟೂ ಅಪಾಯ. 17 ಎಂದರೆ ಸಣ್ಣ ಅಪಾಯ. ಜ್ವರದ ನಂತರ ಮತ್ತೆ ಲೆಕ್ಕ ಹಾಕಿದ್ದರೆ 11 ಬರುತ್ತಿತ್ತು, ಅದು ಹೆಚ್ಚಿನ ಅಪಾಯ. ಲೆಕ್ಕ ಹಾಕಲಿಲ್ಲ. ಜ್ವರ, ಭೇದಿ, ಆಸ್ಪತ್ರೆಯಿಂದ ವಾಪಸಾತಿ, ಹೊಸ ನಿದ್ರೆಮಾತ್ರೆ, ಇವುಗಳಲ್ಲಿ ಯಾವುದಾದರೂ ಆದರೆ ಅದೇ ದಿನ ಹೊಸ ಅಂಕ ಬರೆಯಬೇಕು.

"ಮಂಟ"

ರಾತ್ರಿ ಪಾಳಿಯವರು ಗದಗ ಕಡೆಯವರು. ಅಜ್ಜಿ ಮುಳಬಾಗಿಲು ಕಡೆಯ ಹಳ್ಳಿಯವರು, ಮನೆಮಾತು ತೆಲುಗು. ಹಗಲು ಚೆನ್ನಾಗಿಯೇ ಕನ್ನಡ ಮಾತಾಡುತ್ತಾರೆ. ಮರೆವು ಶುರುವಾದವರಿಗೆ ಕತ್ತಲಾದ ಮೇಲೆ ಕಲಿತ ಭಾಷೆ ಜಾರಿ ಹುಟ್ಟಿದ ಭಾಷೆ ಉಳಿಯುವುದುಂಟು. ಮಧ್ಯರಾತ್ರಿ ಅವರು "ಮಂಟ, ಮಂಟ" ಎನ್ನುತ್ತಿದ್ದರು. ಉರಿ, ಉರಿ ಎಂದು. ಅಟೆಂಡರ್ ಕಿವಿಗೆ ಅದು "ಮಂಚ" ಎಂದು ಬೀಳುತ್ತಿತ್ತು. "ಮಂಚದ ಮ್ಯಾಲೇ ಅದೀರಲ್ರಿ ಅಮ್ಮಾ, ಬೀಳಂಗಿಲ್ಲ ಮಲಕೋರಿ" ಎಂದು ಪಕ್ಕದ ಕಂಬಿಯನ್ನು ಇನ್ನಷ್ಟು ಮೇಲೆತ್ತಿ ಹೋಗುತ್ತಿದ್ದರು. ರಿಜಿಸ್ಟರಿನಲ್ಲಿ "ರಾತ್ರಿ ಗಲಾಟೆ" ಎಂಬ ಷರಾ. ಅದನ್ನು ನೋಡಿ ಡಾಕ್ಟರು ನಿದ್ರೆಮಾತ್ರೆ ಬರೆದರು. ಮಾತ್ರೆ ಬಿದ್ದ ಮೇಲೆ ಅಜ್ಜಿ ತಾವಾಗಿ ಅಷ್ಟಿಷ್ಟು ಸರಿದುಕೊಳ್ಳುತ್ತಿದ್ದದ್ದೂ ನಿಂತಿತು.

ಇಬ್ಬರ ಕೆಲಸ, ಒಬ್ಬರ ಕೈ

ಇಷ್ಟಕ್ಕೆ "ರಾತ್ರಿಯವರು ನಿರ್ಲಕ್ಷ್ಯ ಮಾಡಿದರು, ತೆಗೆದುಹಾಕಿ" ಎಂದು ಮುಗಿಸಬಹುದಿತ್ತು. ಹಾಗೆ ಮುಗಿಸಿದ ಕಡೆ ಆರು ತಿಂಗಳಲ್ಲಿ ಇನ್ನೊಬ್ಬರಿಗೆ ಹುಣ್ಣಾಗುತ್ತದೆ. ಲೆಕ್ಕ ಹಾಕಿ ನೋಡಿ.

ಪೂರ್ತಿ ಹಾಸಿಗೆ ಹಿಡಿದವರು 9 ಮಂದಿ. ಸರಿಯಾಗಿ ಮಗ್ಗುಲು ಬದಲಿಸಲು ಇಬ್ಬರು ಬೇಕು, 5 ನಿಮಿಷ ಬೇಕು. ರಾತ್ರಿಗೆ ಐದು ಸುತ್ತು ಎಂದರೆ 225 ನಿಮಿಷ. ಪ್ರತಿಯೊಬ್ಬರಿಗೂ ಎರಡು ಸಲ ಡೈಪರ್ ಬದಲಿಸಲು ತಲಾ 7 ನಿಮಿಷದಂತೆ ಇನ್ನು 126 ನಿಮಿಷ. ಒಟ್ಟು ಆರು ಗಂಟೆಗೆ ಹತ್ತಿರ, ಅದೂ ಇಬ್ಬರೂ ಜೊತೆಗಿದ್ದರೆ. ರಾತ್ರಿ ಪಾಳಿಯಲ್ಲಿ ಇದ್ದದ್ದೇ ಇಬ್ಬರು. ಅದರಲ್ಲಿ ಒಬ್ಬರು ಮೊದಲ ಮಹಡಿಯಲ್ಲೇ ಇರಬೇಕು, ಅಲ್ಲಿ ರಾತ್ರಿಯೆದ್ದು ಓಡಾಡುವ ಮರೆವಿನ ಇಬ್ಬರಿದ್ದಾರೆ, ಮೆಟ್ಟಿಲಿದೆ. ಹಾಗಾಗಿ ನೆಲಮಹಡಿಯಲ್ಲಿ ಇಬ್ಬರು ಒಟ್ಟಿಗೆ ಸಿಗುವ ಹೊತ್ತೇ ಇರಲಿಲ್ಲ. ಇದರ ಮೇಲೆ ಬೆಳಿಗ್ಗೆ ನಾಲ್ಕೂವರೆಗೇ ಸ್ನಾನ ಶುರು. ಹಗಲು ಪಾಳಿ ಬರುವಷ್ಟರಲ್ಲಿ ಹತ್ತು ಮಂದಿಯ ಸ್ನಾನ ಮುಗಿದಿರಬೇಕು ಎಂಬುದು ಹಳೆಯ ಪದ್ಧತಿ.

ಒಬ್ಬರೇ ಮಾಡಿದರೆ ಏನಾಗುತ್ತದೆ? ಕಂಕುಳಿಗೆ ಕೈಹಾಕಿ ತಲೆಯ ಕಡೆಗೆ ಎಳೆಯುತ್ತಾರೆ. ಚರ್ಮ ಹಾಸಿಗೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಮೂಳೆ ಮೇಲಕ್ಕೆ ಹೋಗುತ್ತದೆ, ನಡುವಿನ ರಕ್ತನಾಳಗಳು ತಿರುಚಿಕೊಳ್ಳುತ್ತವೆ. ಬೆನ್ನುಭಾಗವನ್ನು 30 ಡಿಗ್ರಿಗಿಂತ ಹೆಚ್ಚು ಎತ್ತಿಟ್ಟರೂ ಮೈ ಕೆಳಕ್ಕೆ ಜಾರಿ ಇದೇ ಆಗುತ್ತದೆ. ಊಟ ಮಾಡಿಸಲು ಎತ್ತಿದ ಮಂಚವನ್ನು ಇಳಿಸಲು ಮರೆಯುವುದು ತೀರಾ ಸಾಮಾನ್ಯ.

ಏರ್‌ಬೆಡ್ ಇತ್ತು. ಮಗಳೇ ದುಡ್ಡು ಕೊಟ್ಟು ತಂದದ್ದು. ಆದರೆ ಪಂಪಿನ ಗುಂಡಿಯನ್ನು ಪೂರ್ತಿ ಗಟ್ಟಿಗೆ ತಿರುಗಿಸಿಟ್ಟಿದ್ದರು. ಅದರ ಮೇಲೆ ರೆಕ್ಸಿನ್, ರೆಕ್ಸಿನ್ ಮೇಲೆ ನಾಲ್ಕು ಮಡಿಕೆಯ ಬೆಡ್‌ಶೀಟು, ಮೇಲೆ ದಪ್ಪ ಡೈಪರ್. ಗಾಳಿ ಕೆಳಗೆ, ಅಜ್ಜಿ ಮೇಲೆ, ಒಂದಕ್ಕೊಂದು ಸಂಬಂಧವೇ ಇಲ್ಲ. ಪಂಪು ಯುಪಿಎಸ್ ಇಲ್ಲದ ಪ್ಲಗ್ಗಿನಲ್ಲಿತ್ತು. ಕರೆಂಟು ಹೋದಾಗ ಗಾಳಿ ಇಳಿದು ಅಜ್ಜಿ ಮಂಚದ ಹಲಗೆಯ ಮೇಲೇ ಮಲಗಿದಂತಾಗುತ್ತಿತ್ತು. ಪರೀಕ್ಷೆ ಸುಲಭ: ಏರ್‌ಬೆಡ್ಡಿನ ಅಡಿಗೆ, ತುದಿಮೂಳೆ ಬರುವ ಜಾಗದಲ್ಲಿ, ಅಂಗೈ ಮೇಲ್ಮುಖವಾಗಿ ತೂರಿಸಿ. ಕೈಗೂ ಮೈಗೂ ನಡುವೆ ಒಂದಿಂಚು ಗಾಳಿಯಾದರೂ ಸಿಗಬೇಕು. ಮೂಳೆಯೇ ಕೈಗೆ ತಗುಲಿದರೆ ಗಾಳಿ ಸಾಲದು. ಇನ್ನೊಂದು ಮಾತು, ಏರ್‌ಬೆಡ್ ಇದ್ದರೂ ಹಿಮ್ಮಡಿ ಉಳಿಯುವುದಿಲ್ಲ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಬೇಕು.

ತಟ್ಟೆಯಲ್ಲಿ ಇಲ್ಲದ್ದು

ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಮೆತ್ತನೆಯ ಮುದ್ದೆ, ತಿಳಿಸಾರು, ರಾತ್ರಿ ಅನ್ನ ಮಜ್ಜಿಗೆ. ನೋಡಲು ಹೊಟ್ಟೆ ತುಂಬುವ ಊಟವೇ. ತೂಗಿ ಲೆಕ್ಕ ಹಾಕಿದರೆ ದಿನಕ್ಕೆ 25 ಗ್ರಾಂ ಪ್ರೋಟೀನ್ ಕೂಡ ಇರಲಿಲ್ಲ. ಗಾಯ ಇರುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ 1.25ರಿಂದ 1.5 ಗ್ರಾಂ ಬೇಕು. 44 ಕೆ.ಜಿ.ಗೆ 55ರಿಂದ 66 ಗ್ರಾಂ. 100 ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದು ಸುಮಾರು 7 ಗ್ರಾಂ ಅಷ್ಟೇ. ಮುದ್ದೆಯನ್ನು ನಂಬಿ ಗಾಯ ಮಾಯುವುದಿಲ್ಲ.

ಸಾರಿನ ಕಾಳು ಯಾಕೆ ತಟ್ಟೆಯಲ್ಲೇ ಉಳಿಯುತ್ತಿತ್ತು? ಹಲ್ಲುಸೆಟ್ಟು ಬೀರುವಿನ ಸ್ಟೀಲ್ ಲೋಟದಲ್ಲಿತ್ತು, ಜ್ವರದ ದಿನ ಬಿಚ್ಚಿಟ್ಟದ್ದು. ಮುದ್ದೆಯನ್ನು ನುಂಗಬಹುದು, ಕಾಳನ್ನು ಅಗಿಯಬೇಕು. ಈಗ ಹಾಕಿನೋಡಿದರೆ ಸಡಿಲ, ವಸಡೂ ಕರಗಿತ್ತು. ದಂತವೈದ್ಯರು ಒಳಪದರ ಹಾಕಿ ಕೊಡುವವರೆಗೆ ಹುರುಳಿಕಾಳನ್ನು ಬೇಯಿಸಿ ರುಬ್ಬಿ, ಕಟ್ಟನ್ನಷ್ಟೇ ಅಲ್ಲದೆ ಕಾಳನ್ನೂ ಸೇರಿಸಿ ಬಡಿಸಿದರು.

ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಮೂತ್ರಪಿಂಡಕ್ಕೆ ತೊಂದರೆ ಇಲ್ಲವೆಂದು ಡಾಕ್ಟರು ಹೇಳಿದ ಮೇಲೆ ಊಟ ಹೀಗಾಯಿತು: ಮೊಟ್ಟೆ 2 (12 ಗ್ರಾಂ), ಹಾಲು 400 ಮಿ.ಲೀ. (13), ಬೇಳೆ ಅಥವಾ ಹುರುಳಿ ಒಟ್ಟು 60 ಗ್ರಾಂ (13), ಕಡಲೆಕಾಯಿ ಬೀಜದ ಪುಡಿ 20 ಗ್ರಾಂ (5), ಮೊಸರು 150 ಗ್ರಾಂ (5), ರಾಗಿ ಮತ್ತು ಅಕ್ಕಿಯಿಂದ 12. ಕೂಡಿದರೆ 60. ಹಾಲಿಗೆ ಹೆಸರಾದ ಜಿಲ್ಲೆಯಲ್ಲಿ ಅಜ್ಜಿಗೆ ದಿನಕ್ಕೆ ಸಿಗುತ್ತಿದ್ದದ್ದು ಎರಡು ಲೋಟ ಚಹಾದಲ್ಲಿದ್ದ ಹಾಲು ಮಾತ್ರ.

ಗಾಯದ ಆರೈಕೆ

ಕಪ್ಪು ಪೊರೆಯನ್ನು ಆಸ್ಪತ್ರೆಯಲ್ಲಿ ಸರ್ಜನ್ ತೆಗೆದರು. ಆಮೇಲೆ ತಿಳಿದದ್ದು ಮೂರನೇ ಹಂತದ ಹುಣ್ಣು ಎಂದು: ಆಳ ಒಂದೂವರೆ ಸೆಂ.ಮೀ., ಒಂದು ಬದಿಗೆ ಚರ್ಮದಡಿ 2 ಸೆಂ.ಮೀ. ಟೊಳ್ಳು, ಮೂಳೆ ಮುಟ್ಟಿಲ್ಲ. ಕೇಂದ್ರದಲ್ಲಿ ಮಾಡಬೇಕಾದದ್ದು ಸರಳವೇ. ಸಲೈನಿನಲ್ಲಿ ತೊಳೆಯುವುದು, ಟೊಳ್ಳಿನೊಳಗೆ ಡ್ರೆಸಿಂಗನ್ನು ತುರುಕದೆ ಸಡಿಲವಾಗಿ ತುಂಬುವುದು, ಮೇಲೆ ಫೋಮ್ ಡ್ರೆಸಿಂಗ್, ಸುತ್ತಲಿನ ಚರ್ಮಕ್ಕೆ ಜಿಂಕ್ ಕ್ರೀಮ್. ತುಂಬಿ ತುಳುಕಿದರೆ ಅಥವಾ ಮಲ ತಾಗಿದರೆ ಆಗಲೇ ಬದಲಿಸುವುದು. ಹಿಂದೆ ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ಬಂದರೆ ಶುದ್ಧವಾಯಿತು ಎನ್ನುತ್ತಿದ್ದರು. ಆ ನೊರೆಯಲ್ಲಿ ಹೊಸದಾಗಿ ಹುಟ್ಟುತ್ತಿರುವ ಜೀವಕೋಶಗಳೂ ಸಾಯುತ್ತವೆ.

ಪ್ರತಿ ಸೋಮವಾರ ಅಳತೆ. ತಲೆಯಿಂದ ಕಾಲಿನ ದಿಕ್ಕಿಗೆ ಉದ್ದ, ಅಡ್ಡಕ್ಕೆ ಅಗಲ, ಯಾವಾಗಲೂ ಅದೇ ಮಗ್ಗುಲಲ್ಲಿ ಮಲಗಿಸಿ. ಮಗಳ ಒಪ್ಪಿಗೆ ಪಡೆದು, ಸ್ಕೇಲ್ ಇಟ್ಟು ಫೋಟೋ. ಮೊದಲೆರಡು ವಾರ ಅಳತೆ 5.2 × 4.3ಕ್ಕೆ ಹಿಗ್ಗಿತು, ಪೊರೆ ತೆಗೆದ ಮೇಲೆ ಹೀಗಾಗುವುದುಂಟು, ಮಗಳಿಗೆ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ನಾಲ್ಕನೇ ವಾರ 4.3 × 3.4, ಎಂಟನೇ ವಾರ 2.8 × 2, ಹನ್ನೆರಡನೇ ವಾರ 1.4 × 1.

ಮಲಗಿಸುವ ಭಂಗಿಯೂ ಬದಲಾಯಿತು. ಬಲಕ್ಕೆ ಆಗದವರನ್ನು ಎಡ ಮತ್ತು ಅಂಗಾತದ ನಡುವೆಯೇ ತಿರುಗಿಸಿದರೆ ಗಾಯದ ಮೇಲೆ ಭಾರ ತಪ್ಪುವುದಿಲ್ಲ. ಪೂರ್ತಿ ಬಲಕ್ಕಲ್ಲ, ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಮಾತ್ರ ವಾಲಿಸಿದಾಗ ಅಜ್ಜಿ ಚೀರಲಿಲ್ಲ. ಭಾರ ಬೀಳುವುದು ಸೊಂಟದ ಮೂಳೆಯ ಮೇಲಲ್ಲ, ಪಿರ್ರೆಯ ಮಾಂಸದ ಮೇಲೆ. ಫಿಸಿಯೋಥೆರಪಿಸ್ಟ್ ಬಂದು ನೋಡಿ ಗೋಡೆಯ ಹಾಳೆಯನ್ನು ತಿದ್ದಿದರು. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ದಶಕಗಟ್ಟಲೆ ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರು ಕುಡಿದ ವೃದ್ಧರಲ್ಲಿ ಬೆನ್ನು, ಕೀಲು ಬಿಗಿದವರು ಬಹಳ. ಅವರಿಗೆಲ್ಲ ಈ ಅರೆವಾಲಿಕೆಯೇ ಸರಿ. ಎಳೆಯುವ ಬದಲು ಭುಜದಿಂದ ತೊಡೆಯವರೆಗೆ ಬರುವಂತೆ ಮಡಿಸಿದ ಶೀಟನ್ನು ಅಡಿಗೆ ಹಾಸಿ, ಇಬ್ಬರೂ ಅದರ ಅಂಚು ಹಿಡಿದು ಎತ್ತಿ ಸರಿಸುತ್ತಾರೆ.

ಖಾಲಿ ಮನೆಗೆ ಬೈಗುಳವಿಲ್ಲ

ಹೊಸ ಚಾರ್ಟ್ ಬಂತು. ಹತ್ತೇ ದಿನಕ್ಕೆ ಅದೂ ಹಳೆಯದರಂತೆ ನೀಟಾಗಿ ತುಂಬತೊಡಗಿತು. ಕಾರಣ ಸ್ಪಷ್ಟ: ಮನೆ ಖಾಲಿ ಬಿಟ್ಟರೆ ಬೆಳಿಗ್ಗೆ ಬೈಗುಳ, ಸುಳ್ಳು ತುಂಬಿದರೆ ಏನೂ ಇಲ್ಲ. ಆಗ ಮಾಡಿದ ಬದಲಾವಣೆ ಇಡೀ ಪ್ರಕರಣದಲ್ಲಿ ಅತಿ ಅಗ್ಗದ್ದು. ಪ್ರತಿ ಮನೆಯಲ್ಲೂ "ಆಗಲಿಲ್ಲ" ಎಂಬುದಕ್ಕೆ ಜಾಗ, ಪಕ್ಕದಲ್ಲಿ ಕಾರಣಕ್ಕೆ ಒಂದು ಪದ. ಆಗಲಿಲ್ಲ ಎಂದು ಬರೆದದ್ದಕ್ಕೆ ಯಾರನ್ನೂ ಕೇಳುವಂತಿಲ್ಲ. ಮಾಡದೆ ಮಾಡಿದೆ ಎಂದು ಬರೆದದ್ದಕ್ಕೆ ಮಾತ್ರ ಕೇಳುವುದು. ಮಾತಿನಂತೆ ನಡೆದುಕೊಂಡರೋ ಇಲ್ಲವೋ ಎಂದು ಸಿಬ್ಬಂದಿ ಒಂದು ವಾರ ಕಾದು ನೋಡಿದರು.

ಅಷ್ಟರಲ್ಲಿ 9 ಮಂದಿಯನ್ನು ಬೇರ್ಪಡಿಸಿದ್ದರು. ಒಳ್ಳೆಯ ಗಟ್ಟಿ ಫೋಮ್ ಹಾಸಿಗೆಯಿದ್ದು ಚರ್ಮ ಚೆನ್ನಾಗಿರುವ ನಾಲ್ವರಿಗೆ ರಾತ್ರಿ ನಾಲ್ಕು ಗಂಟೆಗೊಮ್ಮೆ ಸಾಕು. ಅಂಥ ಹಾಸಿಗೆಯ ಮೇಲೆ ಎರಡು, ಮೂರು, ನಾಲ್ಕು ಗಂಟೆಗಳ ಅಂತರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲವೆಂದು ಅಧ್ಯಯನ ತೋರಿಸಿದೆ, ಅವರ ನಿದ್ದೆಯೂ ಉಳಿಯುತ್ತದೆ. ಉಳಿದ ಐವರಿಗೆ ಎರಡು ಗಂಟೆಗೊಮ್ಮೆ. ರಾತ್ರಿಗೆ 45 ಇದ್ದ ಮನೆಗಳು 37ಕ್ಕೆ ಇಳಿದವು, ವಾರಕ್ಕೆ 259.

ಮೊದಲ ನಿಜವಾದ ವಾರದಲ್ಲಿ 61 "ಆಗಲಿಲ್ಲ" ಬಂದವು. ಆಡಳಿತಗಾರರು ತಲೆ ಮೇಲೆ ಕೈಹೊತ್ತರು. ಆದರೆ ಅದರಲ್ಲಿ 44 ಬೆಳಗಿನ ಜಾವದ 4 ಮತ್ತು 6ರ ಸುತ್ತಿನವು, ಕಾರಣದ ಪದ "ಸ್ನಾನ". ಅಷ್ಟು ವರ್ಷ ತುಂಬಿದ ಚಾರ್ಟುಗಳು ಹೇಳದ್ದನ್ನು ಖಾಲಿ ಮನೆಗಳು ಒಂದೇ ವಾರದಲ್ಲಿ ಹೇಳಿದವು. ಸ್ನಾನವನ್ನು ಹಗಲು ಪಾಳಿಗೆ ಸರಿಸಿದರು, ಹಾಸಿಗೆ ಹಿಡಿದವರಿಗೆ ದಿನ ಬಿಟ್ಟು ದಿನ ಸ್ನಾನ, ನಡುವಿನ ದಿನ ಮೈ ಒರೆಸುವುದು. ಮರೆವಿನ ಇಬ್ಬರನ್ನು ನೆಲಮಹಡಿಗೆ ತಂದರು. ರಾತ್ರಿ 10ರಿಂದ 6ರವರೆಗೆ ಮೂರನೆಯವರೊಬ್ಬರನ್ನು ತಿಂಗಳಿಗೆ 14,000ಕ್ಕೆ ನೇಮಿಸಿದರು, 28 ಮಂದಿಗೆ ಹಂಚಿದರೆ ತಲಾ 500 ರೂಪಾಯಿ. ಈ ಖರ್ಚಿಗೇ ಹಿಂದೆ ಹಿಂದೇಟು ಹಾಕಿದ್ದದ್ದು. ಅಜ್ಜಿಯ ಡ್ರೆಸಿಂಗ್ ಸಾಮಾನಿಗೇ ಮೊದಲ ತಿಂಗಳು ಅದಕ್ಕಿಂತ ಹೆಚ್ಚಾಗಿತ್ತು. ಮುಂದಿನ ತಿಂಗಳು ವಾರಕ್ಕೆ 23 ಖಾಲಿ ಮನೆ.

ಸುಧಾರಿಸದ ಸಂಗತಿಗಳೂ ಇವೆ. ಸಂಕ್ರಾಂತಿ ವಾರ ಇಬ್ಬರು ಊರಿಗೆ ಹೋದಾಗ ಖಾಲಿ ಮನೆಗಳು ಮತ್ತೆ 50 ದಾಟಿದವು, ಬದಲಿ ಜನ ಇನ್ನೂ ಗೊತ್ತಾಗಿಲ್ಲ. ಕುಟುಂಬದವರಿಗೆ ಕೇಂದ್ರ ಬರೆದುಕೊಡುವ ಒಪ್ಪಂದದಲ್ಲಿ ರಾತ್ರಿ ಎಷ್ಟು ಜನ ಇರುತ್ತಾರೆ ಎಂಬ ಸಾಲು ಈಗಲೂ ಇಲ್ಲ. ಸೇರಿಸುವ ಮುನ್ನ ಅದನ್ನು ಕೇಳಿ ಬರೆಸಿಕೊಳ್ಳಿ, ಸಾಧ್ಯವಾದರೆ ಒಮ್ಮೆ ರಾತ್ರಿ ಒಂಬತ್ತರ ಮೇಲೆ ಹೋಗಿ ನೋಡಿ. ದೂರು ಕೊಟ್ಟರೂ ಕೇಂದ್ರ ಕಿವಿಗೊಡದಿದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ.

ಅಜ್ಜಿಯ ಗಾಯ ನಾಲ್ಕೂವರೆ ತಿಂಗಳಿಗೆ ಮುಚ್ಚಿತು. ಮಾಯ್ದ ಜಾಗದ ಚರ್ಮಕ್ಕೆ ಮೊದಲಿನ ಬಲ ಪೂರ್ತಿ ಬರುವುದಿಲ್ಲವಾದ್ದರಿಂದ ಕುರ್ಚಿಯಲ್ಲಿ ಕೂರಿಸುವುದು ಒಂದು ಸಲಕ್ಕೆ ಒಂದೇ ಗಂಟೆ, ದಿನಕ್ಕೆ ಎರಡು ಸಲ, ನಾಲ್ಕಿಂಚಿನ ಫೋಮ್ ಮೆತ್ತೆಯ ಮೇಲೆ. ನಿದ್ರೆಮಾತ್ರೆ ನಿಂತಿದೆ. ತೂಕ 47. ರಾತ್ರಿ ಪಾಳಿಯ ಮೇಜಿನ ಗಾಜಿನಡಿ ಮಗಳು ಬರೆದುಕೊಟ್ಟ ಹನ್ನೆರಡು ತೆಲುಗು ಪದಗಳ ಚೀಟಿ ಇದೆ: ನೊಪ್ಪಿ ಎಂದರೆ ನೋವು, ನೀಳ್ಳು ಎಂದರೆ ನೀರು, ಚಲಿ ಎಂದರೆ ಚಳಿ, ಮಂಟ ಎಂದರೆ ಉರಿ. ಕೊನೆಯದರ ಕೆಳಗೆ ಗದಗದವರು ತಾವೇ ಎರಡು ಗೆರೆ ಎಳೆದಿದ್ದಾರೆ.